ನಿಮ್ಮ ಮುತ್ತಜ್ಜನ ಹೆಸರೇನು?



ಈ ಲೇಖನ ಓದುವ ಮೊದಲು ಒಂದು ಹಾಳೆ ತೆಗೆದುಕೊಳ್ಳಿ. ಅದರ ಮೇಲೆ ನಿಮ್ಮ ತಂದೆಯ ಹೆಸರು, ಅವರ ತಂದೆಯ ಹೆಸರು, ಅವರ ತಂದೆಯ ಹೆಸರು ಬರೆಯಿರಿ. ಮೂರನೆಯ ಹೆಸರಿಗೆ ಬಂದಾಗ ಬಹುತೇಕರ ಪೆನ್ನು ನಿಲ್ಲುತ್ತದೆ. ಇನ್ನು ತಾಯಿ, ತಾಯಿಯ ತಾಯಿ, ಅವರ ತಾಯಿ ಎಂದು ಬರೆಯಲು ಹೋದರೆ ಎರಡನೆಯ ಹೆಸರಿಗೇ ನಿಲ್ಲುತ್ತದೆ. "ನಾನಿ" ಎಂದು ಕರೆದದ್ದು ನೆನಪಿದೆ, ನಾನಿಯ ಹೆಸರು ನೆನಪಿಲ್ಲ!

ಗೋಲಗುಮ್ಮಟದ ನೆರಳಿನಲ್ಲಿ ಆಡಿ ಬೆಳೆದ ನಾವು ಆದಿಲ್‌ಶಾಹಿ ಸುಲ್ತಾನರ ಹೆಸರುಗಳನ್ನು ಪರೀಕ್ಷೆಗಾಗಿ ಬಾಯಿಪಾಠ ಮಾಡಿದ್ದೇವೆ. ಆದರೆ ನಮ್ಮ ಮನೆಯ ನಾಲ್ಕು ಹೆಸರು ಹೇಳಲು ನಮಗೆ ಬರುವುದಿಲ್ಲ. ಇದು ನಾಚಿಕೆಯ ಮಾತು ಮಾತ್ರವಲ್ಲ, ನಷ್ಟದ ಮಾತೂ ಹೌದು. ಆ ನಷ್ಟ ಹೇಗಾಯಿತು, ಅದರಲ್ಲಿ ಎಷ್ಟನ್ನು ಮರಳಿ ಪಡೆಯಬಹುದು ಎಂಬುದನ್ನು ನಿಮ್ಮ ಮುಂದಿಡುವುದೇ ಈ ಲೇಖನದ ಉದ್ದೇಶ.

ಧರ್ಮ ಏನು ಹೇಳುತ್ತದೆ?

ವಂಶಾವಳಿಯ ವಿಷಯದಲ್ಲಿ ಇಸ್ಲಾಮ್ ಎರಡು ಮಾತುಗಳನ್ನು ಒಟ್ಟಿಗೆ ಹೇಳಿದೆ. ಬಂಧುತ್ವವನ್ನು ಉಳಿಸಿಕೊಳ್ಳಲು ಬೇಕಾಗುವಷ್ಟು ನಿಮ್ಮ ವಂಶವನ್ನು ತಿಳಿದುಕೊಳ್ಳಿ ಎಂಬರ್ಥದ ಹದೀಸ್ ತಿರ್ಮಿದಿಯಲ್ಲಿದೆ. ಕರ್ಮದಲ್ಲಿ ಹಿಂದುಳಿದವನನ್ನು ಅವನ ವಂಶ ಮುಂದಕ್ಕೆ ತರಲಾರದು ಎಂಬರ್ಥದ ಹದೀಸ್ ಮುಸ್ಲಿಮ್‌ನಲ್ಲಿದೆ. ಪವಿತ್ರ ಕುರ್‌ಆನ್‌ನ ಅಲ್ ಹುಜುರಾತ್ ಅಧ್ಯಾಯವು ಮನುಷ್ಯರು ಕುಲ, ಗೋತ್ರಗಳಾಗಿರುವುದು ಪರಸ್ಪರ ಪರಿಚಯಕ್ಕಾಗಿ, ಮೇಲುಕೀಳಿಗಾಗಿ ಅಲ್ಲ ಎಂದು ಬೋಧಿಸುತ್ತದೆ.

ಗೋರಿಗಳ ಸಂದರ್ಶನದ ವಿಷಯವೂ ಹೀಗೆಯೇ. ಮೊದಲು ಅದನ್ನು ತಡೆದಿದ್ದ ಪ್ರವಾದಿ(ಸ)ರವರು ನಂತರ ಅನುಮತಿಸಿದರು. ಅದು ಪರಲೋಕವನ್ನು ನೆನಪಿಸುತ್ತದೆ ಎಂದರು. ಅವರು ಸ್ವತಃ ತಮ್ಮ ತಾಯಿಯ ಗೋರಿಯ ಬಳಿ ಹೋಗಿ ಕಣ್ಣೀರಿಟ್ಟರು, ಜೊತೆಯಲ್ಲಿದ್ದವರೂ ಅತ್ತರು ಎಂದು ಮುಸ್ಲಿಮ್‌ನ ಹದೀಸ್ ತಿಳಿಸುತ್ತದೆ. ಆರು ವರ್ಷದ ಬಾಲಕನಾಗಿದ್ದಾಗ ಕಳೆದುಕೊಂಡ ತಾಯಿಯ ಗೋರಿಯನ್ನು ಅವರು ಮರೆತಿರಲಿಲ್ಲ.

1377ರಲ್ಲಿ 'ಮುಕದ್ದಿಮಾ' ಬರೆದ ಇತಿಹಾಸಕಾರ ಇಬ್ನ್ ಖಲ್ದೂನ್ ಕೂಡ ವಂಶಜ್ಞಾನದ ಪ್ರಯೋಜನ ಅದು ಹುಟ್ಟಿಸುವ ಮಮತೆ ಮತ್ತು ಪರಸ್ಪರ ಸಹಾಯದಲ್ಲಿದೆ, ಅದಕ್ಕಿಂತ ಹೆಚ್ಚಿನದು ಬರೀ ಕಲ್ಪನೆ ಎಂಬ ಅಭಿಪ್ರಾಯ ಕೊಟ್ಟಿದ್ದಾರೆ. ಈ ಅಳತೆಗೋಲನ್ನು ಕೈಯಲ್ಲಿ ಹಿಡಿದುಕೊಂಡು ಮುಂದೆ ನಡೆಯೋಣ.

ಸುಲ್ತಾನರ ವಂಶವೂ, ಗೋರಿಯೂ

ಮೊದಲು ಅರಮನೆಯ ಮಾತು. 1490ರ ಸುಮಾರಿಗೆ ಆದಿಲ್‌ಶಾಹಿ ರಾಜ್ಯ ಸ್ಥಾಪಿಸಿದ ಯೂಸುಫ್ ಆದಿಲ್ ಶಾಹ ಯಾರ ಮಗ? ಇಬ್ರಾಹಿಂ ಆದಿಲ್ ಶಾಹರ ಆಶ್ರಯದಲ್ಲಿ ವಿಜಾಪುರದಲ್ಲಿಯೇ ಕುಳಿತು ಇತಿಹಾಸ ಬರೆದ ಫಿರಿಶ್ತಾ, ಯೂಸುಫ್ ತುರ್ಕಿಯ ಉಸ್ಮಾನಿ ಸುಲ್ತಾನನ ಮಗ, ಕೊಲೆಯಿಂದ ತಪ್ಪಿಸಲು ತಾಯಿ ಅವನನ್ನು ಗುಟ್ಟಾಗಿ ಇರಾನಿಗೆ ಕಳುಹಿಸಿದಳು ಎಂಬ ಕಥೆ ಹೇಳುತ್ತಾನೆ. ಇಂದಿನ ಇತಿಹಾಸಕಾರರಲ್ಲಿ ಹೆಚ್ಚಿನವರು ಇದನ್ನು ಒಪ್ಪುವುದಿಲ್ಲ. ರಾಜ್ಯ ಕೈಗೆ ಬಂದ ಮೇಲೆ ರಾಜವಂಶವೂ ಬೇಕಾಯಿತು ಎನ್ನಬಹುದು. ಆದರೆ ಸಂಶಯವಿಲ್ಲದ ಒಂದು ಸಂಗತಿ ಇದೆ. ಯೂಸುಫನ ಪತ್ನಿ, ಎರಡನೆಯ ಸುಲ್ತಾನ ಇಸ್ಮಾಯಿಲನ ತಾಯಿ, ಮರಾಠಾ ಮನೆತನದ ಹೆಣ್ಣುಮಗಳು. ಅಂದರೆ ಎರಡನೆಯ ತಲೆಮಾರಿನಿಂದಲೇ ಈ ವಂಶದ ಅರ್ಧ ಬೇರು ಈ ನೆಲದಲ್ಲಿಯೇ ಇತ್ತು. ಜನ ಮೊದಲಿನ ಕಥೆಯನ್ನು ನೆನಪಿಟ್ಟರು, ತಾಯಿಯ ಕಡೆಯನ್ನು ಮರೆತರು.

ಮೊದಲ ಸುಲ್ತಾನರ ಗೋರಿಗಳು ವಿಜಯಪುರದಲ್ಲಿಲ್ಲ ಎಂಬುದು ನಿಮ್ಮಲ್ಲಿ ಎಷ್ಟು ಜನರಿಗೆ ಗೊತ್ತು? ಯೂಸುಫ್, ಇಸ್ಮಾಯಿಲ್, ಒಂದನೆಯ ಇಬ್ರಾಹಿಂ ಇವರೆಲ್ಲ ಇಂದಿನ ಯಾದಗಿರಿ ಜಿಲ್ಲೆಯ ಶಹಾಪುರ ತಾಲ್ಲೂಕಿನ ಗೋಗಿಯಲ್ಲಿ, ತಮ್ಮ ಗುರುಗಳಾದ ಚಂದಾ ಹುಸೇನಿಯವರ ದರ್ಗಾದ ಬಳಿ ಮಣ್ಣಾದರು. 1580ರಲ್ಲಿ ತೀರಿಕೊಂಡ ಒಂದನೆಯ ಅಲಿಯಿಂದ ಸುಲ್ತಾನರು ರಾಜಧಾನಿಯಲ್ಲಿಯೇ ದಫನ್ ಆಗತೊಡಗಿದರು. ಮುಂದೆ ಇಬ್ರಾಹಿಂ ರೋಜಾ ಎದ್ದಿತು. ಅಲ್ಲಿ ಆರು ಗೋರಿಗಳಿವೆ. ಎರಡನೆಯ ಇಬ್ರಾಹಿಂ ಜೊತೆಗೆ ಪತ್ನಿ ತಾಜ್ ಸುಲ್ತಾನಾ, ತಾಯಿ, ಮಕ್ಕಳು ಮಲಗಿದ್ದಾರೆ. ಗೋಲಗುಮ್ಮಟದಲ್ಲಿ ನಾವು ಕಟಾಂಜನದೊಳಗೆ ನೋಡುವುದು ಗುರುತಿನ ಗೋರಿಗಳನ್ನು. ಮುಹಮ್ಮದ್ ಆದಿಲ್ ಶಾಹರ ನಿಜವಾದ ಗೋರಿ ಅದರ ಕೆಳಗಿನ ನೆಲಮಾಳಿಗೆಯಲ್ಲಿದೆ. ಎರಡನೆಯ ಅಲಿಯ ಬಾರಾಕಮಾನ ಪೂರ್ತಿಯಾಗಲೇ ಇಲ್ಲ. ನಾಲ್ಕು ವರ್ಷದವನಿದ್ದಾಗ ಪಟ್ಟಕ್ಕೆ ಬಂದು, 1686ರಲ್ಲಿ ಔರಂಗಜೇಬನಿಗೆ ಶರಣಾಗಿ, 1700ರಲ್ಲಿ ಬಂದಿಯಾಗಿಯೇ ತೀರಿಕೊಂಡ ಕೊನೆಯ ಸುಲ್ತಾನ ಸಿಕಂದರನ ಗೋರಿಗೆ ಗುಮ್ಮಟವೇ ಇಲ್ಲ. ಮೇಲೆ ಆಕಾಶ ಮಾತ್ರ. ಗೋಲಗುಮ್ಮಟ ನೋಡಲು ಬರುವ ಸಾವಿರಾರು ಜನರಲ್ಲಿ ಅಲ್ಲಿಗೆ ಹೋಗುವವರು ಬೆರಳೆಣಿಕೆಯಷ್ಟು. ಸುಲ್ತಾನರ ಗತಿಯೇ ಹೀಗಾದರೆ ನಮ್ಮ ನಿಮ್ಮ ಅಜ್ಜಂದಿರ ಪಾಡೇನು?

ದಾರ ಎಲ್ಲಿ ಕಡಿಯಿತು?

ನಮ್ಮ ಭಾಗದಲ್ಲಿ ವಂಶದ ನೆನಪು ಕಡಿದುಹೋಗಲು ಕಾರಣಗಳಿವೆ. 1686ರಲ್ಲಿ ರಾಜಧಾನಿ ಬಿದ್ದಾಗ ಸೈನಿಕರು, ಕುಶಲಕರ್ಮಿಗಳು, ಪಂಡಿತರು ಚದುರಿದರು. ಅದರ ಬೆನ್ನಿಗೇ ಊರಿಗೆ ಭೀಕರ ಸಾಂಕ್ರಾಮಿಕ ಬಂದು ಔರಂಗಜೇಬನ ಪತ್ನಿಯೊಬ್ಬಳನ್ನೂ ಬಲಿ ತೆಗೆದುಕೊಂಡಿತು. ಆದರೆ ಎಲ್ಲಕ್ಕಿಂತ ದೊಡ್ಡ ಪೆಟ್ಟು 1876-78ರ ಬರಗಾಲ. 1872ರ ಜನಗಣತಿಗೂ 1881ರ ಜನಗಣತಿಗೂ ನಡುವೆ ಈ ಜಿಲ್ಲೆಯ ಜನಸಂಖ್ಯೆ ಐದನೆಯ ಒಂದು ಭಾಗಕ್ಕಿಂತಲೂ ಹೆಚ್ಚು ಇಳಿಯಿತು. ಸತ್ತವರು ಸತ್ತರು, ಉಳಿದವರು ಗುಳೆ ಹೋದರು. ಆಗ ಹತ್ತು ವರ್ಷದವನಾಗಿದ್ದ ಹುಡುಗ ಇಂದಿನ ಅರವತ್ತರ ಹಿರಿಯರಿಗೆ ಮುತ್ತಜ್ಜನಾಗುತ್ತಾನೆ. ನಮ್ಮ ನೆನಪು ಸರಿಯಾಗಿ ಅಲ್ಲಿಗೇ ನಿಲ್ಲುವುದು ಆಕಸ್ಮಿಕವಲ್ಲ. ಗೋರಿಗೆ ಕಲ್ಲು ನಿಲ್ಲಿಸಲು ಯಾರೂ ಉಳಿಯದ ಕಾಲ ಅದು.

ನೆರೆಯ ರೈತ ಮನೆತನಗಳಿಗೆ ಇಂದಿಗೂ ಹೆಳವರು ಬಂದು ವಂಶಾವಳಿ ಓದಿ, ಹೊಸದಾಗಿ ಹುಟ್ಟಿದವರ ಹೆಸರು ಸೇರಿಸಿಕೊಂಡು, ಕಾಳು ಕಡಿ ಪಡೆದು ಹೋಗುವುದನ್ನು ನೀವು ನೋಡಿರಬಹುದು. ನಮ್ಮಲ್ಲಿ ಸೂಫಿ ಮನೆತನಗಳು ಶಜರಾ ಇಟ್ಟವು, ಖಾಜಿ ಮನೆತನಗಳು ನಿಕಾಹ್ ದಫ್ತರ ಇಟ್ಟವು. ದುಡಿದು ತಿನ್ನುವ ಮನೆಗಳಲ್ಲಿ ಇದ್ದದ್ದು ಅಡ್ಡಹೆಸರೊಂದೇ. ಬಾಗವಾನ, ಮೋಮಿನ, ಅತ್ತಾರ, ನದಾಫ, ಮಣಿಯಾರ, ತಾಂಬೋಳಿ, ಜಮಾದಾರ, ಮುಲ್ಲಾ, ಇನಾಮದಾರ ಇವೆಲ್ಲ ಹಿರಿಯರ ಕಸುಬನ್ನೋ ಹುದ್ದೆಯನ್ನೋ ಹೇಳುವ ಹೆಸರುಗಳು. ಹಣ್ಣು ತರಕಾರಿ, ಮಗ್ಗ, ಸುಗಂಧ, ಹತ್ತಿ, ಬಳೆ, ವೀಳ್ಯದೆಲೆ... ಒಂದು ಊರಿನ ಸಂತೆಯೇ ಈ ಹೆಸರುಗಳಲ್ಲಿ ನೆರೆದಿದೆ.

ತಿಕೋಟಾದಿಂದ ಬಬಲೇಶ್ವರಕ್ಕೆ

ಇನ್ನು ನನ್ನ ಮನೆಯ ಮಾತು ಹೇಳದೆ ಉಪದೇಶ ಮಾಡುವುದು ಸರಿಯಲ್ಲ. ನಮ್ಮ ಸಂಬಂಧಿಕರೊಬ್ಬರು ಮುಂಬಯಿಯಲ್ಲಿ ಅನುಕೂಲವಾಗಿದ್ದಾರೆ. ಒಂದು ಮದುವೆಯ ಸಮಯದಲ್ಲಿ ಅವರು ಚೆಂದದ ಶಜರಾ ಅಚ್ಚು ಹಾಕಿಸಿ ಹಂಚಿದರು. ಅದರ ಪ್ರಕಾರ ನಾವು ಆದಿಲ್‌ಶಾಹಿ ಸರದಾರನೊಬ್ಬನ ಸಂತತಿ. ಎಲ್ಲರಿಗೂ ಸಂತೋಷವಾಯಿತು, ನನಗೂ ಆಯಿತು. ಆದರೆ ನನ್ನ ದಾದಾ "ನಾವು ಬರದಾಗ ಬಂದವರು, ಬಬಲೇಶ್ವರ ಕಡಿಯವರು" ಎಂದು ಹೇಳುತ್ತಿದ್ದದ್ದು ಕಿವಿಯಲ್ಲಿತ್ತು. ಸರದಾರನ ಮಾತು ಅವರು ಎಂದೂ ಆಡಿರಲಿಲ್ಲ.

ನಾನು ಮತ್ತು ನನ್ನ ಮಗ ತಿಕೋಟಾಕ್ಕೆ ಹೊರಟೆವು. ವಿಜಯಪುರದಿಂದ ಪಶ್ಚಿಮಕ್ಕೆ ಸುಮಾರು ಇಪ್ಪತ್ತು ಕಿಲೋಮೀಟರ್. ದಾರಿಯಲ್ಲಿ ಅಫ್ಜಲಪುರದ ಸಾಠ್ ಕಬರ್ ನೋಡಿದೆವು. ಒಂದೇ ಅಳತೆಯ ಅರವತ್ತಕ್ಕೂ ಹೆಚ್ಚು ಹೆಂಗಸರ ಗೋರಿಗಳು ಸಾಲು ಸಾಲಾಗಿವೆ. 1659ರಲ್ಲಿ ಪ್ರತಾಪಗಡಕ್ಕೆ ಹೊರಡುವ ಮುನ್ನ ಅಫ್ಜಲ ಖಾನ ತನ್ನ ಪತ್ನಿಯರನ್ನು ಕೊಂದನೆಂದು ಜನ ಕಥೆ ಹೇಳುತ್ತಾರೆ. ಕಥೆಯಲ್ಲಿ ಖಾನನ ಹೆಸರಿದೆ, ಆ ಹೆಣ್ಣುಮಕ್ಕಳಲ್ಲಿ ಒಬ್ಬರ ಹೆಸರೂ ಇಲ್ಲ. "ಅಬ್ಬಾ, ನಮ್ಮ ಶಜರಾದಾಗೂ ಒಂದೂ ಹೆಂಗಸರ ಹೆಸರಿಲ್ಲಲ್ಲ?" ಎಂದ ಮಗ. ನಾನು ಉತ್ತರ ಕೊಡಲಿಲ್ಲ.

ತಿಕೋಟಾದಲ್ಲಿ ನನ್ನ ತಂದೆ ಕಲಿತ ಶಾಲೆಯ ಹಳೆಯ ರಜಿಸ್ಟರಿನಲ್ಲಿ ಅವರ ಹೆಸರು ಸಿಕ್ಕಿತು. ಪಾಲಕರ ಉದ್ಯೋಗದ ಕಾಲಮ್ಮಿನಲ್ಲಿ "ಹತ್ತಿ ಹಿಂಜುವುದು" ಎಂದಿತ್ತು. ಖಬರಸ್ತಾನದಲ್ಲಿ ದಾದಾನ ಗೋರಿ ಗೊತ್ತಿತ್ತು. ಅವರ ತಂದೆಯ ಗೋರಿ ಆ ಮೂರರಲ್ಲಿ ಒಂದು ಎಂದು ಊರಿನ ಹಿರಿಯರು ಕೋಲಿನಿಂದ ತೋರಿಸಿದರು. ಯಾವುದೆಂದು ಅವರಿಗೂ ಖಚಿತವಿರಲಿಲ್ಲ. ಮೂವರಿಗೂ ದುಆ ಮಾಡಿದೆವು.

ಅಲ್ಲಿಂದ ದಕ್ಷಿಣಕ್ಕೆ ಬಬಲೇಶ್ವರ. ಅಲ್ಲಿ ನಮ್ಮವರೆನ್ನುವವರು ಯಾರೂ ಉಳಿದಿಲ್ಲ. ಮಸೀದಿಯ ಬಳಿ ವಿಚಾರಿಸಿದಾಗ ಒಬ್ಬರು ಎಂಬತ್ತು ದಾಟಿದ ಲಿಂಗಾಯತ ರೈತರ ಬಳಿ ಕರೆದೊಯ್ದರು. ಅವರು ನಮ್ಮನ್ನು ಕಟ್ಟೆಯ ಮೇಲೆ ಕೂಡ್ರಿಸಿ, ಚಹಾ ತರಿಸಿ, ಸ್ವಲ್ಪ ಹೊತ್ತು ಕಣ್ಣು ಮುಚ್ಚಿ ಕುಳಿತು, "ಪಿಂಜಾರ ಮನಿ ಏನ್ರಿ? ನಮ್ಮ ಹೊಲದ ಬದುವಿನ ಆಚಿ ಬೇವಿನ ಗಿಡದ ಬುಡಕ್ಕ ಅದಾವ ನೋಡ್ರಿ ಸಾಹೇಬ್ರ. ನಮ್ಮ ಮುತ್ಯಾ ಹೇಳ್ತಿದ್ದ, ಅಲ್ಲಿ ನೇಗಿಲ ಹಾಯಿಸಬ್ಯಾಡ್ರಿ, ಬರದಾಗ ಸತ್ತ ಪಿಂಜಾರರು ಅದಾರ ಅಂತ" ಎಂದರು.

ಹೋಗಿ ನೋಡಿದರೆ ಉತ್ತರ-ದಕ್ಷಿಣವಾಗಿ ಐದಾರು ಕಲ್ಲಿನ ಗುಪ್ಪೆಗಳು. ಹೆಸರಿಲ್ಲ, ಇಸವಿಯಿಲ್ಲ. ಅವು ನಮ್ಮ ಮನೆಯವರದೇ ಎಂದು ಪ್ರಮಾಣ ಮಾಡಿ ಹೇಳುವ ಆಧಾರವೂ ನನ್ನಲ್ಲಿಲ್ಲ. ಆದರೆ ಸುಮಾರು ನೂರೈವತ್ತು ವರ್ಷಗಳಿಂದ ಒಂದು ರೈತ ಮನೆತನ ಆ ನಾಲ್ಕು ಮೊಳ ನೆಲವನ್ನು ಉಳದೆ ಬಿಟ್ಟಿದೆ. ಅಲ್ಲಿ ನಿಂತು ಫಾತಿಹಾ ಓದುವಾಗ, ಅಚ್ಚು ಹಾಕಿಸಿದ ಶಜರಾದ ಸರದಾರ ನನಗೆ ನೆನಪಾಗಲಿಲ್ಲ. ಹೆಗಲ ಮೇಲೆ ಬಿಲ್ಲು ಹೊತ್ತು ಊರೂರು ತಿರುಗಿ ಹತ್ತಿ ಹಿಂಜಿದ ಒಬ್ಬ ಬಡವ ನೆನಪಾದ. ಅವನ ಸಂತತಿ ಎಂದು ಹೇಳಿಕೊಳ್ಳಲು ನನಗೆ ಹೆಮ್ಮೆಯೇ ಆಯಿತು.

ನೀವು ಹೇಗೆ ಆರಂಭಿಸಬೇಕು?

ಮೊದಲನೆಯದು, ಮನೆಯ ಹಿರಿಯರು. ರಜೆಯಲ್ಲಿ ದಾದಿ, ನಾನಿ, ಫೂಫಿ, ಖಾಲಾ ಇವರ ಬಳಿ ಕುಳಿತು ಕೇಳಿ, ಅವರು ಹೇಳಿದ್ದನ್ನು ಹೇಳಿದಂತೆಯೇ ಬರೆದುಕೊಳ್ಳಿ. ಯಾರು ಹೇಳಿದರು, ಎಂದು ಹೇಳಿದರು ಎಂಬುದನ್ನೂ ಬರೆಯಿರಿ. ಹೆಂಗಸರ ಹೆಸರು ಮತ್ತು ತವರೂರನ್ನು ತಪ್ಪದೆ ಸೇರಿಸಿ.

ಎರಡನೆಯದು, ಕಾಗದಪತ್ರ. ಹೊಲದ ಉತಾರ, ವಾರಸಾ ದಾಖಲೆ, ಶಾಲೆಯ ರಜಿಸ್ಟರ್, ನಿಕಾಹ್ ದಫ್ತರ, ಮರಣ ನೋಂದಣಿ ಇವುಗಳಲ್ಲಿ ಹೆಸರುಗಳು ಸಿಗುತ್ತವೆ. ಹುಡುಕುವಾಗ ಒಂದು ಎಚ್ಚರವಿರಲಿ: 1885ರಲ್ಲಿ ಜಿಲ್ಲಾ ಕೇಂದ್ರ ವಿಜಾಪುರಕ್ಕೆ ಬರುವ ಮೊದಲಿನ ಕಾಗದಗಳಲ್ಲಿ 'ಕಲಾದಗಿ ಜಿಲ್ಲೆ' ಎಂದಿರುತ್ತದೆ. ತಿಕೋಟಾ, ಬಬಲೇಶ್ವರ ಈಗ ತಾಲ್ಲೂಕುಗಳಾಗಿದ್ದರೂ ಹಳೆಯ ದಾಖಲೆಯಲ್ಲಿ ವಿಜಾಪುರ ತಾಲ್ಲೂಕಿನ ಹಳ್ಳಿಗಳು. 1956ರವರೆಗೆ ನಾವು ಮುಂಬಯಿ ಪ್ರಾಂತಕ್ಕೆ ಸೇರಿದ್ದರಿಂದ ಅನೇಕ ಹಳೆಯ ಪತ್ರಗಳು ಮರಾಠಿ ಭಾಷೆಯಲ್ಲಿ, ಮೋಡಿ ಲಿಪಿಯಲ್ಲಿವೆ. ಇನಾಮು ಜಮೀನಿದ್ದ ಮನೆತನಗಳಿಂದ 1852ರ ನಂತರ ಇನಾಂ ಕಮಿಷನ್ ಸನದು ಮತ್ತು ವಂಶದ ವಿವರ ಕೇಳಿತ್ತು. ಅಂಥ ಮನೆಗಳ ಪೆಟ್ಟಿಗೆಯಲ್ಲಿ ಅದರ ನಕಲು ಇರಬಹುದು. ಓದಲು ಬರುವುದಿಲ್ಲವೆಂದು ಎಸೆಯಬೇಡಿ. ನಮ್ಮ ಮನೆಯಲ್ಲಿ ಸುಣ್ಣ ಬಳಿಯುವಾಗ ಒಂದು ಟ್ರಂಕು ಮೋಡಿ ಕಾಗದಗಳನ್ನು ರದ್ದಿಗೆ ಹಾಕಿದೆವು. ಆ ತಪ್ಪಿಗೆ ಈಗ ಪರಿಹಾರವಿಲ್ಲ.

ಮೂರನೆಯದು, ಗೋರಿಯ ಕಲ್ಲು. ವಿಜಯಪುರದ ಹಳೆಯ ಗೋರಿಗಳಲ್ಲಿ ಮೇಲೆ ಉದ್ದಕ್ಕೆ ಏಣಿನಂಥ ದಿಂಡು ಇದ್ದರೆ ಗಂಡಸಿನದು, ಮೇಲ್ಭಾಗ ಚಪ್ಪಟೆಯಾಗಿದ್ದರೆ ಹೆಂಗಸಿನದು. ಹಿಜರಿ ಇಸವಿ ಇದ್ದರೆ ಅದರಿಂದ ಅದರ ಮೂವತ್ತಮೂರನೆಯ ಒಂದು ಭಾಗ ಕಳೆದು 622 ಕೂಡಿಸಿ. ಗೋಲಗುಮ್ಮಟದ ದಕ್ಷಿಣ ಬಾಗಿಲಿನ ಬರಹದಲ್ಲಿ ಅಕ್ಷರಗಳ ಬೆಲೆ ಕೂಡಿಸಿದರೆ 1067 ಬರುತ್ತದೆ. 1067ರಲ್ಲಿ 32 ಕಳೆದು 622 ಕೂಡಿಸಿದರೆ 1657. ಮುಹಮ್ಮದ್ ಆದಿಲ್ ಶಾಹ ತೀರಿಕೊಂಡದ್ದು 1656ರ ಕೊನೆಗೆ. ಒಂದು ವರ್ಷ ಆಚೀಚೆ, ಅಷ್ಟೇ.

ನಾಲ್ಕನೆಯದು, ಪ್ರಾಮಾಣಿಕತೆ. ದಾರ ಎಲ್ಲಿ ಕಡಿದಿದೆಯೋ ಅಲ್ಲಿ ಹಾಳೆಯನ್ನು ಖಾಲಿ ಬಿಡಿ. ದೊಡ್ಡ ಹೆಸರಿನಿಂದ ಅದನ್ನು ತುಂಬಬೇಡಿ. ಗೊತ್ತಿಲ್ಲದ ಗೋರಿಗೆ ಹೆಸರು ಕೊಟ್ಟು ಕಟ್ಟಡ ಎಬ್ಬಿಸುವುದೂ ಬೇಡ. ನಮ್ಮ ಧರ್ಮ ಗೋರಿಯನ್ನು ಸರಳವಾಗಿಡಲು ಹೇಳಿದೆ. ಗೋರಿ ಮಣ್ಣಾಗುತ್ತದೆ, ಆಗಲಿ. ಆದರೆ ಹೆಸರನ್ನು ಕಾಗದದ ಮೇಲೆ ಉಳಿಸಲು ಯಾವ ಅಡ್ಡಿಯೂ ಇಲ್ಲ.

ಬಂಧುಗಳೇ, ಆ ಹಾಳೆಯನ್ನು ಮತ್ತೆ ಕೈಗೆತ್ತಿಕೊಳ್ಳಿ. ಖಾಲಿ ಉಳಿದ ಸಾಲನ್ನು ತುಂಬಬಲ್ಲವರು ನಿಮ್ಮ ಮನೆಯಲ್ಲಿಯೋ ಓಣಿಯಲ್ಲಿಯೋ ಒಬ್ಬರಾದರೂ ಇನ್ನೂ ಇರಬಹುದು. ಈ ಶುಕ್ರವಾರ ನಮಾಜಿನ ನಂತರ ಅವರ ಬಳಿ ಹೋಗಿ, ಸಲಾಮ್ ಹೇಳಿ, ಕುಳಿತು ಕೇಳಿ. ಹೆಸರು ಸಿಗದಿದ್ದರೂ ಹಳೆಯ ಬಂಧುತ್ವವೊಂದು ಮತ್ತೆ ಚಿಗುರುತ್ತದೆ. ನನ್ನ ಮಗ ನಮ್ಮ ಶಜರಾವನ್ನು ಹೊಸದಾಗಿ ಬರೆಯುತ್ತಿದ್ದಾನೆ. ಸರದಾರನ ಹೆಸರು ತೆಗೆದು, ಅವನ ದಾದಿಯ ಹೆಸರು ಸೇರಿಸಿದ್ದಾನೆ. ಎಲ್ಲಕ್ಕಿಂತ ಮೇಲೆ, "ಬರದಾಗ ಬಬಲೇಶ್ವರದಲ್ಲಿ ತೀರಿಕೊಂಡವರು" ಎಂದಷ್ಟೇ ಬರೆದು ಜಾಗ ಬಿಟ್ಟಿದ್ದಾನೆ.

ಅಲ್ಲಾಹನು ಹೆಸರು ತಿಳಿದ ಮತ್ತು ತಿಳಿಯದ ನಮ್ಮ ಎಲ್ಲ ಹಿರಿಯರನ್ನು ಕ್ಷಮಿಸಲಿ. ಆಮೀನ್.