ಬೆಳಗಾಗುವವರೆಗೆ ಕಾದ ವಿಮಾನ



ನಮ್ಮ ಕಾಸರಗೋಡಿನ ಅನೇಕ ಮನೆಗಳಲ್ಲಿ ಗಲ್ಫ್‌ಗೆ ಹೋಗಿಬರುವವರಿದ್ದಾರೆ. ವಿಮಾನ ಹೊರಡುವ ಮುಂಚೆ ಗಗನಸಖಿ ಲೈಫ್ ಜಾಕೆಟ್ ತೋರಿಸುವಾಗ ನಾವು ಮೊಬೈಲ್ ನೋಡುತ್ತಾ ಕೂತಿರುತ್ತೇವೆ. ಆದರೆ ಕೆಳಗೆ ಬರೀ ಸಮುದ್ರವಿರುವಾಗ ಎಂಜಿನ್ ಕೈಕೊಟ್ಟರೆ ಪೈಲಟ್ ಏನು ಮಾಡಬಹುದು? 1956ರ ಒಂದು ಘಟನೆಯನ್ನು ನೋಡೋಣ.

ಆ ವರ್ಷ ಅಕ್ಟೋಬರ್ 15ರ ರಾತ್ರಿ ಪ್ಯಾನ್ ಅಮೆರಿಕನ್ ಕಂಪನಿಯ ಬೋಯಿಂಗ್ ಸ್ಟ್ರಾಟೋಕ್ರೂಸರ್ ವಿಮಾನ ಹೊನೊಲುಲುವಿನಿಂದ ಸ್ಯಾನ್ ಫ್ರಾನ್ಸಿಸ್ಕೋಗೆ ಹೊರಟಿತು. ಪ್ರಯಾಣಿಕರು 24, ಸಿಬ್ಬಂದಿ 7. ಕ್ಯಾಪ್ಟನ್ ರಿಚರ್ಡ್ ಆಗ್. ಪೆಸಿಫಿಕ್ ಸಾಗರದ ಅರ್ಧ ದಾರಿ ದಾಟಿದ ಮೇಲೆ ಒಂದನೇ ಎಂಜಿನ್‌ನ ಪ್ರೊಪೆಲ್ಲರ್ ಹಿಡಿತ ತಪ್ಪಿ ಅತಿ ವೇಗವಾಗಿ ತಿರುಗತೊಡಗಿತು. ಎಂಜಿನ್ ನಿಲ್ಲಿಸಿದರೂ ಅದು ಗಾಳಿಗೆ ತಿರುಗುತ್ತಾ ವಿಮಾನದ ವೇಗಕ್ಕೆ ಅಡ್ಡಿಯಾಯಿತು. ಅನಂತರ ನಾಲ್ಕನೇ ಎಂಜಿನ್ ಕೂಡ ಕೆಟ್ಟಿತು. ಉಳಿದದ್ದು ಎರಡು. ಹಿಂದಕ್ಕಾಗಲಿ ಮುಂದಕ್ಕಾಗಲಿ ದಡ ಮುಟ್ಟುವಷ್ಟು ಇಂಧನವಿರಲಿಲ್ಲ.

ಆ ಕಾಲದಲ್ಲಿ ವಿಮಾನಗಳಿಗೆ ನೆರವಾಗಲು ಸಾಗರದ ಗೊತ್ತಾದ ಜಾಗಗಳಲ್ಲಿ ಹಡಗುಗಳು ಕಾವಲಿರುತ್ತಿದ್ದವು. ಅಮೆರಿಕದ ಕರಾವಳಿ ಕಾವಲು ಪಡೆಯ 'ಪಾಂಚಟ್ರೇನ್' ಹಡಗು ಹತ್ತಿರದಲ್ಲಿತ್ತು. ಆಗ್ ರೇಡಿಯೋದಲ್ಲಿ ವಿಷಯ ತಿಳಿಸಿ ಅದರ ಬಳಿಗೆ ಬಂದರು.

ಕೂಡಲೇ ನೀರಿಗೆ ಇಳಿದುಬಿಡಬಹುದಿತ್ತು. ಆದರೆ ಕತ್ತಲಲ್ಲಿ ಅಲೆಗಳ ಏರಿಳಿತ ಸರಿಯಾಗಿ ಕಾಣುವುದಿಲ್ಲ. ಎರಡೇ ಎಂಜಿನ್‌ಗಳಲ್ಲಿ ವಿಮಾನ ಎತ್ತರ ಕಾಯ್ದುಕೊಳ್ಳುತ್ತದೆ ಎಂದು ಖಾತ್ರಿಯಾದ ಮೇಲೆ, ಬೆಳಗಾಗುವವರೆಗೆ ಹಡಗಿನ ಬಳಿ ಸುತ್ತುತ್ತಿರಲು ಅವರು ತೀರ್ಮಾನಿಸಿದರು. ಇಂಧನ ಖರ್ಚಾದಷ್ಟೂ ವಿಮಾನ ಹಗುರವಾಗುತ್ತದೆ; ಹಗುರವಾದಷ್ಟೂ ಕಡಿಮೆ ವೇಗದಲ್ಲಿ ಇಳಿಯಬಹುದು.

ಆ ಗಂಟೆಗಳನ್ನು ಅವರು ಸುಮ್ಮನೆ ಕಳೆಯಲಿಲ್ಲ. ಇಳಿಯುವ ಅಭ್ಯಾಸವನ್ನು ಹಲವು ಬಾರಿ ಮಾಡಿದರು. 1955ರಲ್ಲಿ ಇದೇ ಮಾದರಿಯ ವಿಮಾನವೊಂದು ಆರೆಗಾನ್ ತೀರದಾಚೆ ಸಮುದ್ರಕ್ಕೆ ಇಳಿದಾಗ ಬಾಲದ ಭಾಗ ಮುರಿದುಹೋಗಿತ್ತು, ನಾಲ್ವರು ತೀರಿಹೋಗಿದ್ದರು. ಅದನ್ನು ಮರೆಯದ ಆಗ್ ಹಿಂದಿನ ಸೀಟುಗಳಲ್ಲಿದ್ದವರನ್ನು ಮುಂದಕ್ಕೆ ಕೂರಿಸಿದರು.

ಬೆಳಕು ಹರಿಯಿತು. ಇಳಿಯಬೇಕಾದ ದಾರಿ ಕಾಣಲೆಂದು ಹಡಗಿನವರು ನೀರಿನ ಮೇಲೆ ನೊರೆಯ ಪಟ್ಟೆ ಹಾಕಿದರು. ಬೆಳಿಗ್ಗೆ 6:15ಕ್ಕೆ ಚಕ್ರಗಳನ್ನು ಒಳಗೇ ಇಟ್ಟುಕೊಂಡು ವಿಮಾನ ನೀರಿಗೆ ಇಳಿಯಿತು. ಒಂದು ರೆಕ್ಕೆ ಅಲೆಗೆ ತಾಗಿ ವಿಮಾನ ತಿರುಗಿತು. ಭಯಪಟ್ಟಂತೆಯೇ ಬಾಲ ಮುರಿಯಿತು. ಅಲ್ಲಿ ಯಾರೂ ಇರಲಿಲ್ಲ. ಎಲ್ಲರೂ ರಬ್ಬರ್ ದೋಣಿಗಳಿಗೆ ಹತ್ತಿದರು. ಸುಮಾರು 20 ನಿಮಿಷದಲ್ಲಿ ವಿಮಾನ ಮುಳುಗಿತು. ಮಕ್ಕಳೂ ಸೇರಿ 31 ಜನರೂ ಬದುಕುಳಿದರು.

ಇದನ್ನು ಓದಿದಾಗ ನಮಗೆ ಮೊದಲು ಕಂಡದ್ದು ಆಗ್ ಅವರ ಧೈರ್ಯ. ಮತ್ತೆ ಯೋಚಿಸಿದರೆ, ಆ ಧೈರ್ಯ ಅವಸರಪಡದೆ ಕಾದದ್ದರಲ್ಲಿತ್ತು. ಹಿಂದಿನ ವರ್ಷ ತೀರಿಹೋದ ನಾಲ್ವರಿಂದ ಕಲಿತ ಪಾಠವೂ ಅವರ ಜೊತೆಗಿತ್ತು. ಕಷ್ಟ ಬಂದಾಗ ಏನಾದರೂ ಮಾಡಿ ಬೇಗ ಮುಗಿಸಿಬಿಡೋಣ ಎನ್ನುವ ನಮಗೆ ಇದು ನೆನಪಿರಲಿ.

ಮುಂದಿನ ಸಲ ವಿಮಾನ ಹತ್ತಿದಾಗ ಮೊಬೈಲ್ ಎರಡು ನಿಮಿಷ ಕೆಳಗಿಡೋಣ. ಲೈಫ್ ಜಾಕೆಟ್ ಎಲ್ಲಿದೆ, ಹತ್ತಿರದ ಬಾಗಿಲು ಯಾವುದು ಎಂದು ನೋಡಿಕೊಳ್ಳೋಣ. ಪಕ್ಕದಲ್ಲಿ ಅಮ್ಮನೋ ಅಜ್ಜಿಯೋ ಇದ್ದರೆ ಅವರಿಗೂ ತೋರಿಸೋಣ.