ಒಪ್ಪಿಗೆ ಮತ್ತು ಹೊಣೆ: ರಾಣಾ ಪ್ಲಾಜಾ ದುರಂತದ ಹಿನ್ನೆಲೆಯಲ್ಲಿ ಸಿದ್ಧ ಉಡುಪು ಉದ್ಯಮದ ನೈತಿಕ ವಿವೇಚನೆ

ಸಿದ್ಧ ಉಡುಪಿನ ಜಾಗತಿಕ ವ್ಯಾಪಾರದಲ್ಲಿ ವಿನ್ಯಾಸ ಮತ್ತು ಮಾರಾಟ ಬಹುಪಾಲು ಶ್ರೀಮಂತ ದೇಶಗಳ ಬ್ರಾಂಡುಗಳ ಕೈಯಲ್ಲಿವೆ. ಹೊಲಿಗೆ ಕಡಿಮೆ ಕೂಲಿಯ ದೇಶಗಳಲ್ಲಿ ನಡೆಯುತ್ತದೆ. ಸಾಮಾನ್ಯವಾಗಿ ಕಾರ್ಖಾನೆ ಸ್ಥಳೀಯ ಗುತ್ತಿಗೆದಾರನದು. ಆದರೆ ಬೆಲೆ ಮತ್ತು ಗಡುವನ್ನು ಗೊತ್ತುಮಾಡುವುದು ಹೆಚ್ಚಾಗಿ ಖರೀದಿದಾರ ಬ್ರಾಂಡು. ನಿರ್ಧಾರ ಒಬ್ಬರದು, ಕಾನೂನಿನ ಹೊಣೆ ಇನ್ನೊಬ್ಬರದು ಎಂಬ ಈ ಏರ್ಪಾಟಿನಿಂದಲೇ ನೈತಿಕ ಪ್ರಶ್ನೆ ಹುಟ್ಟುತ್ತದೆ.

ಏರ್ಪಾಟನ್ನು ಸಮರ್ಥಿಸುವವರು ಕಾರ್ಮಿಕರ ಆಯ್ಕೆಯನ್ನು ಮುಂದಿಡುತ್ತಾರೆ. ಇಂಥ ಕೆಲಸ ಬಡವರ ಮುಂದಿರುವ ಇತರ ದಾರಿಗಳಿಗಿಂತ ಮೇಲು ಎಂದು ಅರ್ಥಶಾಸ್ತ್ರಜ್ಞ ಪಾಲ್ ಕ್ರುಗ್ಮನ್ 1997ರಲ್ಲಿ ವಾದಿಸಿದರು. ಕಾರ್ಮಿಕರು ತಾವೇ ಆರಿಸಿಕೊಂಡ ಕೆಲಸವನ್ನು ನಿಷೇಧ ಅಥವಾ ಬಹಿಷ್ಕಾರದಿಂದ ಕಸಿಯಬಾರದೆಂದು ತತ್ತ್ವಶಾಸ್ತ್ರಜ್ಞ ಮ್ಯಾಟ್ ಜ್ವೊಲಿನ್‌ಸ್ಕಿ 2007ರಲ್ಲಿ ಬರೆದರು. ವಾದದಲ್ಲಿ ಹುರುಳಿದೆ: ಬಾಂಗ್ಲಾದೇಶದಲ್ಲಿ ಲಕ್ಷಾಂತರ ಹೆಣ್ಣುಮಕ್ಕಳಿಗೆ ಸ್ವಂತ ಸಂಪಾದನೆ ದೊರೆತದ್ದು ಈ ಉದ್ಯಮದಿಂದಲೇ. ಇದಕ್ಕೆದುರಾಗಿ ವ್ಯಾಪಾರ ನೀತಿಶಾಸ್ತ್ರದ ವಿದ್ವಾಂಸರಾದ ಡೆನಿಸ್ ಅರ್ನಾಲ್ಡ್ ಮತ್ತು ನಾರ್ಮನ್ ಬೋವೀ 2003ರಲ್ಲಿ ತತ್ತ್ವಜ್ಞಾನಿ ಕಾಂಟ್‌ನ ತತ್ತ್ವವನ್ನು ಆಧರಿಸಿ, ಗುತ್ತಿಗೆದಾರರ ಕಾರ್ಖಾನೆಗಳಲ್ಲಿಯೂ ಕಾನೂನುಪಾಲನೆ ಮತ್ತು ಸುರಕ್ಷತೆಯನ್ನು ನೋಡಿಕೊಳ್ಳುವುದು ಬಹುರಾಷ್ಟ್ರೀಯ ಕಂಪನಿಗಳ ಕರ್ತವ್ಯವೆಂದರು.

ಢಾಕಾ ಬಳಿಯ ಸಾವರ್‌ನಲ್ಲಿದ್ದ ಎಂಟು ಅಂತಸ್ತಿನ, ಗಾರ್ಮೆಂಟ್ಸ್ ಕಾರ್ಖಾನೆಗಳ ಕಟ್ಟಡ ರಾಣಾ ಪ್ಲಾಜಾದ ದುರಂತ ಆಯ್ಕೆಯ ವಾದದ ಮಿತಿಯನ್ನು ತೋರಿಸುತ್ತದೆ. 2013ರ ಏಪ್ರಿಲ್ 23ರಂದು ಕಟ್ಟಡ ಬಿರುಕು ಬಿಟ್ಟಾಗ ಕೆಳಗಿನ ಬ್ಯಾಂಕು, ಅಂಗಡಿಗಳು ಬಾಗಿಲು ಹಾಕಿದವು. ಮರುದಿನ ಗಾರ್ಮೆಂಟ್ಸ್ ಕಾರ್ಮಿಕರನ್ನು ಮಾತ್ರ ಸಂಬಳ ತಡೆಯುವ ಬೆದರಿಕೆಯೊಡ್ಡಿ ಒಳಗೆ ಕರೆಸಲಾಯಿತು. ಕಟ್ಟಡ ಕುಸಿದು 1,134 ಮಂದಿ ಸತ್ತರು. ಕೆಲಸಕ್ಕೆ ಸೇರುವಾಗ ಅವರು ಕೊಟ್ಟ ಒಪ್ಪಿಗೆ ಬಿರುಕುಬಿಟ್ಟ ಕಟ್ಟಡಕ್ಕೆ ಕೊಟ್ಟ ಒಪ್ಪಿಗೆಯಾಗಿರಲಿಲ್ಲ. ಆಯ್ಕೆಯ ವಾದ ಉದ್ಯೋಗವನ್ನು ಸಮರ್ಥಿಸಬಲ್ಲದು; ಉದ್ಯೋಗದ ಪ್ರತಿಯೊಂದು ಷರತ್ತನ್ನೂ ಸಮರ್ಥಿಸಲಾರದು.

ಅಲ್ಲಿನ ಕೆಲವು ಕಾರ್ಖಾನೆಗಳು ಖಾಸಗಿ ತಪಾಸಣೆಗೆ ಒಳಪಟ್ಟಿದ್ದವು ಎಂಬುದು ಸ್ವಯಂಪ್ರೇರಿತ ನೀತಿಸಂಹಿತೆಗಳ ದೌರ್ಬಲ್ಯಕ್ಕೆ ಸಾಕ್ಷಿ. 2013ರ ಮೇ ತಿಂಗಳಲ್ಲಿ ಜಾಗತಿಕ ಕಾರ್ಮಿಕ ಒಕ್ಕೂಟಗಳೂ ಬ್ರಾಂಡುಗಳೂ ಮಾಡಿಕೊಂಡ ‘ಅಕಾರ್ಡ್’ ಒಪ್ಪಂದ ಬೇರೆ ಬಗೆಯದು. ಅದರಡಿ ಸ್ವತಂತ್ರ ಎಂಜಿನಿಯರುಗಳ ವರದಿಗಳು ಬಹಿರಂಗವಾದವು. ದುರಸ್ತಿಗೆ ಹಣ ಒದಗುವಂತೆ ನೋಡಿಕೊಳ್ಳುವ ಭಾರ ಬ್ರಾಂಡುಗಳ ಮೇಲೆ ಬಿತ್ತು. ಒಪ್ಪಂದ ಮುರಿದ ಆರೋಪದ ಮೇಲೆ ಹೇಗ್‌ನಲ್ಲಿ ನಡೆದ ಮಧ್ಯಸ್ಥಿಕೆಯ ಪ್ರಕರಣವೊಂದರಲ್ಲಿ 2018ರಲ್ಲಿ ಒಂದು ಬ್ರಾಂಡು 20 ಲಕ್ಷ ಡಾಲರಿಗೂ ಹೆಚ್ಚು ಹಣ ಕೊಡಲು ಒಪ್ಪಿತು.

ಆದರೆ ಅಕಾರ್ಡ್ ಸುರಕ್ಷತೆಗೆ ಸೀಮಿತ. ಕೂಲಿಯ ಪ್ರಶ್ನೆ ಅದರಾಚೆ ಉಳಿಯಿತು. ಆ ಪ್ರಶ್ನೆ ಕರ್ನಾಟಕದಲ್ಲಿಯೂ ಎದ್ದಿದೆ. 2020ರ ಏಪ್ರಿಲ್‌ನಿಂದ ಸಿಗಬೇಕಿದ್ದ ತುಟ್ಟಿಭತ್ಯೆ ಏರಿಕೆಯನ್ನು ರಾಜ್ಯದ ಹಲವು ಗಾರ್ಮೆಂಟ್ಸ್ ಕಾರ್ಖಾನೆಗಳು ತಡೆಹಿಡಿದವು. ಹೈಕೋರ್ಟಿನ ಆದೇಶ ಬಂದು, ಕಾರ್ಮಿಕ ಸಂಘಟನೆಗಳು ವಿದೇಶಿ ಖರೀದಿದಾರರ ಮೇಲೂ ಒತ್ತಡ ತಂದ ನಂತರ, 2022ರಲ್ಲಿ ಬಾಕಿ ಪಾವತಿ ಆರಂಭವಾಯಿತು. ಕಾನೂನು ಇದ್ದೆಡೆಯಲ್ಲಿಯೂ ಖರೀದಿದಾರರ ಪ್ರಭಾವ ಎಷ್ಟೆಂಬುದು ಇದರಿಂದ ಸ್ಪಷ್ಟ.

ಅನ್ಯಾಯದ ವ್ಯವಸ್ಥೆಯಲ್ಲಿ ಪಾಲುಳ್ಳವರೆಲ್ಲರಿಗೂ ಅವರವರ ಶಕ್ತಿಗೆ ತಕ್ಕ ಹೊಣೆಯಿದೆ ಎಂಬ ರಾಜಕೀಯ ತತ್ತ್ವಜ್ಞಾನಿ ಐರಿಸ್ ಮರಿಯನ್ ಯಂಗ್ ಅವರ ನಿಲುವು ರಾಣಾ ಪ್ಲಾಜಾ ಮತ್ತು ಕರ್ನಾಟಕದ ಪ್ರಕರಣಗಳೆರಡಕ್ಕೂ ಹೊಂದುತ್ತದೆ. ಹೊರದೇಶದಲ್ಲಿ ಹೊಲಿಸುವುದೇ ಅನೈತಿಕವಲ್ಲ. ಬೆಲೆ ಗೊತ್ತುಮಾಡುವ ಅಧಿಕಾರವನ್ನು ಇಟ್ಟುಕೊಂಡು ಆ ಬೆಲೆಯ ಪರಿಣಾಮದಿಂದ ನುಣುಚಿಕೊಳ್ಳುವುದು ಅನೈತಿಕ.