ಎರಡನೆಯ ಇಬ್ರಾಹಿಂ ಆದಿಲ್‌ಶಹಾನ ಬಾಲ್ಯದ ಆಳ್ವಿಕೆ (1580–1590)

ಬಿಜಾಪುರದ ಎರಡನೆಯ ಇಬ್ರಾಹಿಂ ಆದಿಲ್‌ಶಹಾ 1580ರಲ್ಲಿ ಪಟ್ಟಕ್ಕೆ ಬಂದಾಗ ಅವನಿಗೆ ಒಂಬತ್ತು ವರ್ಷ. ‘ಕಿತಾಬ್-ಎ-ನವರಸ್’ ಬರೆದವನು, ಜಗದ್ಗುರು ಎನಿಸಿಕೊಂಡವನು, ಸರಸ್ವತಿ ಗಣಪತಿಯರನ್ನು ಹಾಡಿ ಹೊಗಳಿದ ಸುಲ್ತಾನ ಎಂದು ಕನ್ನಡಿಗರು ನೆನೆಯುವುದು ಇವನನ್ನೇ. ಆ ಹೆಸರು ಬಂದದ್ದು ಮುಂದಿನ ವರ್ಷಗಳ ಆಳ್ವಿಕೆಯಿಂದ. ಮೊದಲ ಹತ್ತು ವರ್ಷ ಗಾದಿಯ ಮೇಲೆ ಕೂತವನು ಅವನಾದರೂ ರಾಜ್ಯ ಆಳಿದವರು ಬೇರೆ. ಕಾಮಿಲ್ ಖಾನ್, ಕಿಶ್ವರ್ ಖಾನ್, ಇಖ್ಲಾಸ್ ಖಾನ್, ದಿಲಾವರ್ ಖಾನ್ ಒಬ್ಬರ ಹಿಂದೊಬ್ಬರು ಹುಡುಗನ ಹೆಸರಿನಲ್ಲಿ ದರ್ಬಾರು ನಡೆಸಿದರು. ನಾಲ್ವರಲ್ಲಿ ಒಬ್ಬನೂ ಅಧಿಕಾರವನ್ನು ಮನಸಾರೆ ಬಿಟ್ಟುಕೊಡಲಿಲ್ಲ.

ಅದೇ ಶತಮಾನದಲ್ಲಿ ಇಂಗ್ಲೆಂಡು ಇಂಥದ್ದೇ ಸ್ಥಿತಿ ಕಂಡಿತ್ತು. ಟ್ಯೂಡರ್ ವಂಶದ ಆರನೆಯ ಎಡ್ವರ್ಡ್ 1547ರಲ್ಲಿ ದೊರೆಯಾದಾಗ ಅವನಿಗೂ ಒಂಬತ್ತೇ ವರ್ಷ. ಅವನ ಸೋದರಮಾವ ಸಾಮರ್ಸೆಟ್ ಆಡಳಿತ ಹಿಡಿದು, ಕೆಳಗಿಳಿದು, 1552ರಲ್ಲಿ ತಲೆ ಕಳೆದುಕೊಂಡ. ಅವನ ಜಾಗಕ್ಕೆ ನಾರ್ತಂಬರ್‌ಲ್ಯಾಂಡ್ ಬಂದ. ಎಡ್ವರ್ಡ್ ಸ್ವಂತ ಆಳ್ವಿಕೆ ಕಾಣದೆ 1553ರಲ್ಲಿ ಹದಿನೈದನೆಯ ವಯಸ್ಸಿಗೇ ತೀರಿಕೊಂಡ. ಇಬ್ರಾಹಿಂ ಬದುಕಿ ಉಳಿದ.

ಪಟ್ಟ

ಇಬ್ರಾಹಿಂನ ದೊಡ್ಡಪ್ಪ ಒಂದನೆಯ ಅಲಿ ಆದಿಲ್‌ಶಹಾ ರಕ್ಕಸತಂಗಡಿಯ ಯುದ್ಧದಲ್ಲಿ (1565) ಗೆದ್ದ ಸುಲ್ತಾನರಲ್ಲಿ ಒಬ್ಬ. ಅವನಿಗೆ ಮಕ್ಕಳಿರಲಿಲ್ಲ. ತಮ್ಮ ತಹಮಾಸ್ಪನ ಮಗನನ್ನು ವಾರಸುದಾರನೆಂದು ಹೆಸರಿಸಿದ್ದ. 1580ರಲ್ಲಿ ಅಂತಃಪುರದ ಸೇವಕನೊಬ್ಬ ಅವನನ್ನು ಇರಿದು ಕೊಂದ. ವಿಧವೆಯಾದ ಚಾಂದ್ ಬೀಬಿ ಅಹ್ಮದ್‌ನಗರದ ಹುಸೇನ್ ನಿಜಾಮ್‌ಶಹಾನ ಮಗಳು. ಹುಡುಗನ ಪಾಲನೆ, ಪಾಠ ಅವಳ ಪಾಲಿಗೆ ಬಂತು. ಆಡಳಿತ ಕಾಮಿಲ್ ಖಾನ್ ದಖನಿಯ ಕೈಗೆ ಹೋಯಿತು. ಬುಧವಾರ, ಶುಕ್ರವಾರ ಬಿಟ್ಟು ಉಳಿದ ದಿನವೆಲ್ಲ ಹುಡುಗನನ್ನು ಸಿಂಹಾಸನದ ಮೇಲೆ ಕೂರಿಸಿ ಅವನೆದುರಿಗೇ ರಾಜ್ಯದ ಕೆಲಸ ನಡೆಸುತ್ತಿದ್ದರೆಂದು ಇತಿಹಾಸಕಾರ ಫೆರಿಷ್ತಾ ಬರೆದಿದ್ದಾನೆ. ಒಂಬತ್ತರ ಹುಡುಗನಿಗೆ ಅಲ್ಲಿ ಆಡಲು ಮಾತೇ ಇರಲಿಲ್ಲ.

ಕೆಲವೇ ವಾರಗಳಲ್ಲಿ ಕಾಮಿಲ್ ಖಾನ್ ಚಾಂದ್ ಬೀಬಿಯನ್ನು ಕಡೆಗಣಿಸತೊಡಗಿದ. ಅವಳು ಹಾಜಿ ಕಿಶ್ವರ್ ಖಾನನನ್ನು ಅವನ ಮೇಲೆ ಎತ್ತಿಕಟ್ಟಿದಳು. ಕಾಮಿಲ್ ಖಾನ್ ಒಳಕೋಟೆಯ ಗೋಡೆಯಿಂದ ಕಂದಕದ ನೀರಿಗೆ ಹಾರಿ, ಈಜಿ ತಪ್ಪಿಸಿಕೊಂಡರೂ ಊರ ಹೊರಗೆ ಸಿಕ್ಕಿಬಿದ್ದು ತಲೆ ಕೊಟ್ಟ.

ಬಂಕಾಪುರದ ಕೊಲೆ

ಈ ಕಥೆಯ ತಿರುವು ನಡೆದದ್ದು ಬಿಜಾಪುರದಲ್ಲಲ್ಲ, ನಮ್ಮ ಕುಂದಗೋಳದ ಸೀಮೆಯಲ್ಲಿ. ಕುಂದಗೋಳದಿಂದ ನೇರ ದಕ್ಷಿಣಕ್ಕೆ 35–40 ಕಿ.ಮೀ. ದೂರದಲ್ಲಿ ಬಂಕಾಪುರದ ಕೋಟೆಯಿದೆ. ಅಲಿ ಆದಿಲ್‌ಶಹಾ 1573ರಲ್ಲಿ ಧಾರವಾಡ ಗೆದ್ದ ಮೇಲೆ, ವರ್ಷಕ್ಕೂ ಮೀರಿದ ಮುತ್ತಿಗೆ ಹಾಕಿ ಬಂಕಾಪುರವನ್ನು ಹಿಡಿದಿದ್ದ. ಅಲ್ಲಿಯತನಕ ವಿಜಯನಗರದ ಕಡೆಗಿದ್ದ ಈ ಎರೆಯ ಬಯಲಿಗೆ ಅಲ್ಲಿಂದ ಹೊಸ ಒಡೆಯರಾದರು. ಗಡಿಯ ಈ ಭಾಗವನ್ನು ಗೆದ್ದುಕೊಟ್ಟ ಮುಸ್ತಫಾ ಖಾನನೇ ಬಂಕಾಪುರದಲ್ಲಿ ನಿಂತು ಇಲ್ಲಿನ ಅಧಿಕಾರ ನಡೆಸುತ್ತಿದ್ದ. ಪರ್ಶಿಯಾದ ಅರ್ದಿಸ್ತಾನದಿಂದ ಬಂದ ಸಯ್ಯದ್ ಮನೆತನದವನು, ಸೇನೆಯಲ್ಲೂ ಆಡಳಿತದಲ್ಲೂ ಪಳಗಿದವನು.

ಬಿಜಾಪುರದ ಗೊಂದಲ ಕಂಡು ಅಹ್ಮದ್‌ನಗರದ ಸೇನೆ ಗಡಿ ದಾಟಿತು. ಬಿಜಾಪುರದ ಸರದಾರರು ಧಾರಾಶಿವದ ಹತ್ತಿರ ಅದನ್ನು ಸೋಲಿಸಿ ಆನೆಗಳನ್ನು ಹಿಡಿದರು. ಗೆಲುವಿನ ಸುದ್ದಿ ಬರುತ್ತಲೇ ಕಿಶ್ವರ್ ಖಾನ್ ಆ ಆನೆಗಳನ್ನೆಲ್ಲ ತನಗೊಪ್ಪಿಸಬೇಕೆಂದು ಆಜ್ಞೆ ಕಳಿಸಿದ. ದಂಡಿನಲ್ಲಿ ಸಿಟ್ಟು ಹೊತ್ತಿಕೊಂಡಿತು. ಇವನನ್ನು ಇಳಿಸಿ ಬಂಕಾಪುರದಿಂದ ಮುಸ್ತಫಾ ಖಾನನನ್ನು ಕರೆಸಬೇಕೆಂದು ಸರದಾರರು ಮಾತಾಡಿಕೊಂಡರು. ಈ ಮಾತು ಕಿವಿಗೆ ಬಿದ್ದದ್ದೇ ತಡ, ಕಿಶ್ವರ್ ಖಾನ್ ತನ್ನವನೊಬ್ಬನನ್ನು ಬಂಕಾಪುರಕ್ಕೆ ಕಳಿಸಿದ. ಅವನ ಕೈಯಲ್ಲಿ ಬಾಲಸುಲ್ತಾನನ ಹೆಸರಿನ ಆಜ್ಞಾಪತ್ರವಿತ್ತು, ಸುಲ್ತಾನನಿಗೆ ಅದರ ಸುಳಿವೂ ಇರಲಿಲ್ಲ. ಕೋಟೆಯ ಕಾವಲಿನವರೇ ಮುಸ್ತಫಾ ಖಾನನನ್ನು ಕೊಂದರು.

ಹತ್ತು ವರ್ಷಗಳ ಅನ್ಯಾಯಗಳಲ್ಲಿ ಇದು ಅತಿ ದೊಡ್ಡದು ಎನ್ನಲು ಕಾರಣವಿದೆ. ಕಿತ್ತಾಡುವ ಗುಂಪುಗಳು ಕೂಡಿ ಒಪ್ಪಬಹುದಾಗಿದ್ದ ಒಬ್ಬ ಸಮರ್ಥನೂ ಅಲ್ಲಿಗೆ ಇಲ್ಲವಾದ. ಕೊಲೆಯನ್ನು ಚಾಂದ್ ಬೀಬಿ ಬಾಯಿಬಿಟ್ಟು ಖಂಡಿಸಿದಳು. ಅವಳೇ ಅಹ್ಮದ್‌ನಗರದ ಅಣ್ಣನನ್ನು ದಾಳಿಗೆ ಪ್ರಚೋದಿಸಿದಳೆಂದು ಆರೋಪ ಹೊರಿಸಿ ಕಿಶ್ವರ್ ಖಾನ್ ಅವಳನ್ನು ಸಾತಾರಾ ಕೋಟೆಯಲ್ಲಿ ಸೆರೆಯಿಟ್ಟ. ಇಷ್ಟಾದ ಮೇಲೆ ಬಿಜಾಪುರದ ಜನ ಅವನನ್ನು ಸಹಿಸಲಿಲ್ಲ. ಅವನು ಬೀದಿಗೆ ಬಂದರೆ ಹೆಂಗಸರೂ ಹೊರಗೆ ಬಂದು ಸಯ್ಯದನನ್ನು ಕೊಂದವನೆಂದು ಶಾಪ ಹಾಕುತ್ತಿದ್ದರಂತೆ. ಹಬಸಿ (ಅಬಿಸೀನಿಯಾ ಮೂಲದ) ಸರದಾರರು ದಂಡು ತಿರುಗಿಸಿಕೊಂಡು ರಾಜಧಾನಿಗೆ ಹೊರಟಾಗ ಅವನು ಹುಡುಗನನ್ನು ಬೇಟೆಯ ನೆವದಲ್ಲಿ ಹೊರಗೆ ಕರೆದೊಯ್ದು, ಅಲ್ಲಿಂದ ಹಿಂದಕ್ಕೆ ಕಳಿಸಿ, ತಾನು ಓಡಿಹೋದ. ಅಹ್ಮದ್‌ನಗರದಲ್ಲಿ ನೆಲೆ ಸಿಗದೆ ಗೋಲ್ಕೊಂಡಕ್ಕೆ ಹೋದಾಗ ಮುಸ್ತಫಾ ಖಾನನ ಕಡೆಯವನೊಬ್ಬ ಅವನನ್ನು ಕೊಂದು ಸೇಡು ತೀರಿಸಿಕೊಂಡ.

ಮುತ್ತಿಗೆ

ಚಾಂದ್ ಬೀಬಿ ಸಾತಾರೆಯಿಂದ ಮರಳಿದಳು, ಹಬಸಿ ನಾಯಕ ಇಖ್ಲಾಸ್ ಖಾನ್ ಅಧಿಕಾರ ಹಿಡಿದ. ದಖನಿಗಳು, ಹಬಸಿಗಳು, ಪರ್ಶಿಯಾದಿಂದ ಬಂದ ಪರದೇಸಿಗಳು ಒಬ್ಬರನ್ನೊಬ್ಬರು ನಂಬುತ್ತಿರಲಿಲ್ಲ. ಅಹ್ಮದ್‌ನಗರ, ಗೋಲ್ಕೊಂಡದ ಸೇನೆಗಳು ಕೂಡಿ ಬಿಜಾಪುರಕ್ಕೆ ಮುತ್ತಿಗೆ ಹಾಕಿದಾಗ ಒಳಗೆ ಇದ್ದ ಕುದುರೆ ದಂಡು ಎರಡು ಮೂರು ಸಾವಿರ ಮಾತ್ರ. ಮೇಲಿಂದ ಸುರಿದ ಮಳೆಗೆ ಕೋಟೆಗೋಡೆಯ ಒಂದು ಭಾಗವೂ ಕುಸಿಯಿತು. ಆಗ ಹಬಸಿ ನಾಯಕರು ಹಟ ಬಿಟ್ಟು ದರ್ಬಾರಿನ ಪ್ರಮುಖ ಶಹಾ ಅಬುಲ್ ಹಸನನಿಗೆ ದಾರಿ ಬಿಟ್ಟರು. ಅವನು ಮರಾಠಾ ರಾವುತರನ್ನು ಕರೆಸಿ ವೈರಿಗಳ ದಂಡಿಗೆ ಕಾಳು ಮೇವು ಹೋಗದಂತೆ ದಾರಿ ಕಟ್ಟಿಸಿದ. ವರ್ಷದ ಹತ್ತಿರ ನಡೆದ ಮುತ್ತಿಗೆ ತೆರವಾಯಿತು. ಬಿಜಾಪುರ ಉಳಿದದ್ದಕ್ಕೆ ಅಬುಲ್ ಹಸನನ ಜಾಣ್ಮೆಯೇ ಮುಖ್ಯ ಕಾರಣ. ಅದಕ್ಕೆ ಅವನಿಗೆ ಸಿಕ್ಕ ಪ್ರತಿಫಲ ಘೋರವಾದದ್ದು.

ದಿಲಾವರ್ ಖಾನ್

1582ರಲ್ಲಿ ಹಬಸಿ ಸರದಾರ ದಿಲಾವರ್ ಖಾನ್ ಜೊತೆಗಾರ ಇಖ್ಲಾಸ್ ಖಾನನ ಕಣ್ಣು ಕೀಳಿಸಿ ತಾನೇ ಆಡಳಿತಕ್ಕೆ ಕೂತ. ಅಬುಲ್ ಹಸನನನ್ನೂ ಕುರುಡನನ್ನಾಗಿಸಿ ಕೊಲ್ಲಿಸಿದ. ಷಿಯಾ ಪದ್ಧತಿ ತೆಗೆದು ಸುನ್ನಿ ಪದ್ಧತಿಯನ್ನು ರಾಜ್ಯದ್ದನ್ನಾಗಿಸಿದ. ಕ್ರೂರಿ ನಿಜ, ಆದರೆ ಎಂಟು ವರ್ಷ ರಾಜ್ಯ ಒಡೆಯದಂತೆ ಹಿಡಿದಿಟ್ಟನೆಂಬುದನ್ನೂ ಒಪ್ಪಬೇಕು. ನೆರೆಯವರೊಡನೆ ಬೀಗತನ ಬೆಳೆಸಿದ. ಇಬ್ರಾಹಿಂನ ತಂಗಿ ಖದೀಜಾಳನ್ನು ಅಹ್ಮದ್‌ನಗರಕ್ಕೆ ಕೊಟ್ಟರು. ಇಬ್ರಾಹಿಂ ಗೋಲ್ಕೊಂಡದ ಮಹಮ್ಮದ್ ಕುಲಿ ಕುತುಬ್‌ಶಹಾನ ತಂಗಿಯನ್ನು ಮದುವೆಯಾದ. ಖದೀಜಾಳ ಜೊತೆ ಚಾಂದ್ ಬೀಬಿಯೂ ತವರಿಗೆ ಹೋದಳು. ಮುಂದೆ ಮೊಗಲರ ಮುತ್ತಿಗೆಯಲ್ಲಿ (1595–96) ಬಿದ್ದ ಗೋಡೆಯನ್ನು ರಾತ್ರೋರಾತ್ರಿ ಕಟ್ಟಿಸಿ ಅಹ್ಮದ್‌ನಗರ ಉಳಿಸಿದ್ದು ಅವಳೇ. ಆಗಲೂ ಅವಳು ಕಾಯುತ್ತಿದ್ದದ್ದು ಬಹಾದ್ದೂರ್ ನಿಜಾಮ್‌ಶಹಾ ಎಂಬ ಮತ್ತೊಬ್ಬ ಮಗುವಿನ ಗಾದಿಯನ್ನು.

1590ರಲ್ಲಿ ಅಹ್ಮದ್‌ನಗರದ ಮೇಲಿನ ದಂಡಯಾತ್ರೆಯ ನಡುವೆ, ಹತ್ತೊಂಬತ್ತು ದಾಟಿದ ಇಬ್ರಾಹಿಂ ಒಂದು ರಾತ್ರಿ ದಿಲಾವರ್ ಖಾನನ ಪಾಳೆಯ ಬಿಟ್ಟು ಸರದಾರ ಐನ್-ಉಲ್-ಮುಲ್ಕನ ಕಡೆಗೆ ಹೊರಟ. ದಿಲಾವರ್ ಖಾನನ ಅಪ್ಪಣೆಯಿಲ್ಲದೆ ಕುದುರೆ ಕೊಡಲಾರೆವೆಂದು ಲಾಯದವರು ಸುಲ್ತಾನನಿಗೇ ಹೇಳಿದರು. ಅವನ ಆಳುಗಳು ಅವರನ್ನು ಗದರಿಸಿ ಕುದುರೆ ತರಬೇಕಾಯಿತು. ಬೆಳಗಾಗುವಷ್ಟರಲ್ಲಿ ದಂಡು ಸುಲ್ತಾನನ ಕಡೆ ತಿರುಗಿತ್ತು. ಅಹ್ಮದ್‌ನಗರಕ್ಕೆ ಓಡಿದ ದಿಲಾವರ್ ಖಾನ್ ಮುಂದೆ ಅಭಯ ನಂಬಿ ಮರಳಿ ಬಂದು, ಕಣ್ಣು ಕಳೆದುಕೊಂಡು ಸಾತಾರಾ ಕೋಟೆ ಸೇರಿದ.

ಆಕರಗಳ ಮಾತು

ಈ ದಶಕದ ಬಗ್ಗೆ ತಿಳಿದಿರುವುದರಲ್ಲಿ ಹೆಚ್ಚಿನದು ಫೆರಿಷ್ತಾನಿಂದ ಬಂದದ್ದು. ಅವನು ಬಿಜಾಪುರಕ್ಕೆ ಬಂದದ್ದು 1589ರಲ್ಲಿ. ಅದಕ್ಕೂ ಹಿಂದಿನದನ್ನು ಅಲ್ಲಿದ್ದವರಿಂದ ಕೇಳಿ ಬರೆದ. ಆ ಕಾಲದಲ್ಲಿ ಅಲ್ಲೇ ಇದ್ದ ರಫಿಉದ್ದೀನ್ ಶಿರಾಜಿಯ ಬರವಣಿಗೆಯೂ ಇದೆ. ಇಬ್ಬರೂ ಪರ್ಶಿಯಾ ಮೂಲದವರು. ಮುಸ್ತಫಾ ಖಾನನ ಮೇಲಿನ ಅವರ ಮರುಕವನ್ನೂ ಹಬಸಿ ನಾಯಕರ ಮೇಲಿನ ಸಿಟ್ಟನ್ನೂ ಓದುವಾಗ ಇದು ಗಮನದಲ್ಲಿರಬೇಕು.